ಭತ್ತಕ್ಕೆ ಹಾಲು ತುಂಬುವ ಮೊದಲು ಬೆಟ್ಟ ಸುತ್ತಿ ಬನ್ನಿ: ಕಾಟಿ, ಕಡವೆ, ಆನೆಗಳ ಜಾಡು ಹಿಡಿಯುವ ಬಗೆ

ನವರಾತ್ರಿ ಹತ್ತಿರವಾಗುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ಓದುಗರು ಕೇಳುವ ಪ್ರಶ್ನೆ ಒಂದೇ: ಬೇಲಿ ಯಾವ ಕಡೆಗೆ ಹಾಕಿಸಬೇಕು, ಮಾಳ (ಬೆಳೆ ಕಾಯಲು ಕೂರುವ ಗುಡಿಸಲು) ಎಲ್ಲಿ ಕಟ್ಟಬೇಕು? ನನ್ನ ಉತ್ತರವೂ ಪ್ರತಿ ವರ್ಷ ಒಂದೇ. ಮೊದಲು ಮೂರು ದಿನ ಬೆಟ್ಟ ಸುತ್ತಿ. ಪ್ರಾಣಿ ಹಗಲು ಎಲ್ಲಿ ಮಲಗುತ್ತದೆ, ನೀರು ಎಲ್ಲಿ ಕುಡಿಯುತ್ತದೆ, ಯಾವ ಕಂಡಿಯಲ್ಲಿ ನುಸುಳಿ ನಿಮ್ಮ ಗದ್ದೆಗೆ ಇಳಿಯುತ್ತದೆ ಎಂಬ ಮೂರು ಸಂಗತಿಗಳು ಗೊತ್ತಾಗದೆ ಹಾಕಿದ ಬೇಲಿ ಹಣ ತಿನ್ನುತ್ತದೆಯೇ ಹೊರತು ಬೆಳೆ ಉಳಿಸುವುದಿಲ್ಲ. ನಾನೂ ಒಮ್ಮೆ ಗದ್ದೆಯ ಮೂಡಣ ಧರೆಯ (ಮಣ್ಣಿನ ದಿಬ್ಬದ) ಉದ್ದಕ್ಕೂ ಬೇಲಿ ಹಾಕಿಸಿದೆ. ಕಾಟಿಗಳು (ಕಾಡುಕೋಣಗಳು) ಪಡುವಣದ ಹಳ್ಳದಿಂದ ಬಂದು ಬೆಳೆ ತುಳಿದು ಹೋದವು.

ಶುರುವಿನಲ್ಲೇ ಒಂದು ಮಾತು ಸ್ಪಷ್ಟವಾಗಲಿ. ಇದು ಷಿಕಾರಿಯ ಲೇಖನವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೋವಿಯಿಂದ ಹೊಡೆಯುವುದಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ವಿಷ ಇಡುವುದು, ಆಮಿಷ ಒಡ್ಡುವುದು, ಹಿಂಡನ್ನು ಅಟ್ಟಿಸಿಕೊಂಡು ಹೋಗುವುದು, ಇವೆಲ್ಲವೂ ಬೇಟೆಯೇ. ಆನೆ, ಕಾಟಿಗಳು ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಬೆಳೆ ರಕ್ಷಣೆಗೆಂದು ಮನೆಯಲ್ಲಿ ಪರವಾನಗಿಯ ಕೋವಿ ಇದ್ದರೂ ಈ ಸುತ್ತಾಟಕ್ಕೆ ಅದನ್ನು ಒಯ್ಯಬೇಡಿ. ಹಳೆಯ ಷಿಕಾರಿದಾರರಲ್ಲಿ ನೆಲ ಓದುವ ಕಣ್ಣಿತ್ತು. ನಮಗೆ ಬೇಕಾದದ್ದು ಆ ಕಣ್ಣು ಮಾತ್ರ.

ಯಾವಾಗ ಹೋಗಬೇಕು?

ಹಸ್ತ, ಚಿತ್ತ ಮಳೆಗಳ ನಡುವೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದೊಳಗೆ. ಭೂಮಿ ಹುಣ್ಣಿಮೆಗೆ ಗದ್ದೆಯಲ್ಲಿ ಚರಗ ಬೀರುವ (ಭೂಮಿಗೆ ಎಡೆ ಚೆಲ್ಲುವ) ಹೊತ್ತಿಗೆ ನಿಮ್ಮ ಸುತ್ತಾಟ ಮುಗಿದಿರಲಿ. ತೆನೆಗೆ ಹಾಲು ತುಂಬಿದ ಮೇಲೆ ಹೊರಟರೆ ಪ್ರಾಣಿಗಳು ಆಗಲೇ ದಾರಿ ರೂಢಿ ಮಾಡಿಕೊಂಡಿರುತ್ತವೆ. ಆಷಾಢ, ಶ್ರಾವಣದಲ್ಲಿ ಹೊರಟರೆ ಏನೂ ಕಾಣಿಸದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಬೆಳಗಿನ ಹೆಜ್ಜೆ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆಯ ಒಣ ಕಾಡಿನಲ್ಲಾದರೆ ಅದೇ ಹೆಜ್ಜೆ ವಾರಗಟ್ಟಲೆ ನಿಲ್ಲುತ್ತದೆ. ಜಾಡು ಎಷ್ಟು ಹಳೆಯದು ಎಂದು ಅಂದಾಜು ಮಾಡುವಾಗ ನೀವು ಘಟ್ಟದ ಯಾವ ಮಗ್ಗುಲಲ್ಲಿದ್ದೀರಿ ಎಂಬುದನ್ನು ಮರೆಯಬೇಡಿ.

ಏನೇನು ಬೇಕು?

ಅಳತೆ ಟೇಪು, ಪುಟ್ಟ ಪುಸ್ತಕ, ಪೆನ್ಸಿಲ್ (ಪೆನ್ನಿನ ಶಾಯಿ ಮಳೆಗೆ ಕಲೆಸಿಹೋಗುತ್ತದೆ), ಮೊಬೈಲ್, ಉದ್ದನೆಯ ಕೋಲು, ಕತ್ತಿ, ಕುಡಿಯುವ ನೀರು. ತುಂಬುತೋಳಿನ ಅಂಗಿ, ಕಾಲಿಗೆ ಗಟ್ಟಿ ಬೂಟು. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪಿನ ಪುಡಿ ಕಲಸಿ ಬಟ್ಟೆಯ ಗಂಟು ಮಾಡಿಟ್ಟುಕೊಳ್ಳಿ. ಹತ್ತಿದ ಉಂಬಳವನ್ನು ಕಿತ್ತೆಳೆಯದೆ ಗಂಟನ್ನು ಒತ್ತಿದರೆ ತಾನೇ ಬಿಡುತ್ತದೆ. ಬಣ್ಣದ ಬಟ್ಟೆ ಹಾಕಬೇಕೋ ಬೇಡವೋ ಎಂದು ಹಲವರು ಕೇಳುತ್ತಾರೆ. ನಾವು ಅಡಗಿ ಕೂರಲು ಹೋಗುತ್ತಿಲ್ಲ. ಜೊತೆಯವರಿಗೆ ದೂರದಿಂದ ಕಾಣುವ ಬಣ್ಣವೇ ಒಳ್ಳೆಯದು.

1. ಮನೆಯ ಜಗಲಿಯಲ್ಲೇ ಅರ್ಧ ಕೆಲಸ ಮುಗಿಸಿ

ಮೊಬೈಲ್‌ನಲ್ಲಿ ಉಪಗ್ರಹ ಚಿತ್ರ ತೆರೆದು ನಿಮ್ಮ ಗದ್ದೆ, ತೋಟ, ಸೊಪ್ಪಿನ ಬೆಟ್ಟಗಳನ್ನು ಗುರುತಿಸಿ. ಆಮೇಲೆ ಗದ್ದೆಯ ಸುತ್ತ ಒಂದೆರಡು ಕಿಲೋಮೀಟರ್‌ನಲ್ಲಿ ಮೂರು ಬಗೆಯ ಜಾಗ ಹುಡುಕಿ: ದಟ್ಟ ಹಸಿರಿನ ಕಾನು (ಕಾಡು), ತಿಳಿ ಹಸಿರಿನ ಬ್ಯಾಣ (ಹುಲ್ಲು ಬೆಳೆಯುವ ಬಯಲು), ವರ್ಷವಿಡೀ ಬತ್ತದ ಹಳ್ಳ. ಕಾಟಿಗೆ ಮೇಯಲು ಬ್ಯಾಣ, ಹಗಲು ಮೆಲುಕು ಹಾಕಲು ಕಾನು, ನಡುವೆ ನೀರು ಬೇಕು. ಈ ಮೂರೂ ಕೂಡುವ ಮೂಲೆಯನ್ನು ಪುಸ್ತಕದಲ್ಲಿ ಬರೆದು ಪೆನ್ಸಿಲ್‌ನಿಂದ ವೃತ್ತ ಹಾಕಿ. ಸಾಲಾಗಿ ನೆಟ್ಟ ಅಕೇಶಿಯಾ ತೋಪುಗಳನ್ನೂ ಗುರುತು ಮಾಡಿಕೊಳ್ಳಿ. ಅಲ್ಲಿ ತಿನ್ನಲು ಹೆಚ್ಚೇನೂ ಸಿಗದಿದ್ದರೂ ಗದ್ದೆಗೆ ಹತ್ತಿರದ ನೆರಳೆಂದು ಹಿಂಡು ಹಗಲು ತಂಗಿರುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಧರೆ, ಅಗಲವಾಗಿದ್ದರೆ ಇಳಿಜಾರು ಕಡಿಮೆ. ಎರಡು ಗುಡ್ಡಗಳ ನಡುವೆ ಗೆರೆಗಳು ಬಿಡಿಬಿಡಿಯಾದ ತಗ್ಗೇ ಕಂಡಿ. ದೊಡ್ಡ ಮೈಯ ಪ್ರಾಣಿ ಬೇಕೆಂದು ಕಡಿದಾದ ಜಾಗ ಹತ್ತುವುದಿಲ್ಲ, ಕಂಡಿಯಲ್ಲೇ ದಾಟುತ್ತದೆ.

ಇಷ್ಟಾದ ಮೇಲೆ ನಿಮ್ಮ ಊರಲ್ಲಿ ದನ ಮೇಯಿಸುವವರ ಬಳಿ ಹೋಗಿ ಕುಳಿತು ಮಾತಾಡಿ. ಜೇನು ತೆಗೆಯುವವರು, ಉಪ್ಪಾಗೆ, ಸೀಗೆಕಾಯಿ ಕೊಯ್ಯುವವರೂ ಆಗಬಹುದು. ಕಾಟಿ ಬರುತ್ತದೆಯೇ ಎಂದು ಕೇಳಬೇಡಿ, ಬರುತ್ತದೆ ಎಂದೇ ಎಲ್ಲರೂ ಹೇಳುತ್ತಾರೆ. ಕೊನೆಯ ಸಲ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮರದ ಹತ್ತಿರ ಕಂಡಿರಿ, ಯಾವ ಕಡೆಗೆ ಮುಖ ಮಾಡಿತ್ತು ಎಂದು ಕೇಳಿ. ಯಾರ ದನ ಎಲ್ಲಿ ಮೇಯುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಇದು ಯಾಕೆ ಬೇಕೆಂದು ಐದನೆಯ ಹಂತದಲ್ಲಿ ತಿಳಿಯುತ್ತದೆ.

2. ಗಡಿ ತಿಳಿಯಿರಿ, ಒಪ್ಪಿಗೆ ಕೇಳಿ

ಮಲೆನಾಡಿನಲ್ಲಿ ನಿಮ್ಮ ಬೆಟ್ಟ ಎಲ್ಲಿ ಮುಗಿದು ಮೀಸಲು ಅರಣ್ಯ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಮನೆಯಲ್ಲೇ ಹಾಕಿಕೊಂಡು ಹೊರಡಿ. ಮೀಸಲು ಅರಣ್ಯದೊಳಗೆ ಕಾಲಿಡಬೇಕಿದ್ದರೆ ವಲಯ ಅರಣ್ಯಾಧಿಕಾರಿಗಳ ಅನುಮತಿ ಪಡೆಯಿರಿ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೋಮೇಶ್ವರ ಅಭಯಾರಣ್ಯಗಳ ಅಥವಾ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಅಂಚಿನವರು ಅನುಮತಿಯಿಲ್ಲದೆ ಗಡಿ ದಾಟಲೇಬಾರದು. ನಿಮ್ಮ ಭಾಗದ ಗಾರ್ಡ್ ಜೊತೆಗೆ ಬರುತ್ತೇನೆಂದರೆ ಸಂತೋಷದಿಂದ ಕರೆದುಕೊಂಡು ಹೋಗಿ. ದಿನವೂ ಗಸ್ತು ತಿರುಗುವ ಅವರಿಗೆ ನಿಮ್ಮ ಗುಡ್ಡದ ಆಚೆ ಮಗ್ಗುಲೂ ಗೊತ್ತಿರುತ್ತದೆ.

ಒಬ್ಬರೇ ಹೋಗಬೇಡಿ. ಮೂವರು ಸರಿಯಾದ ಲೆಕ್ಕ: ಒಬ್ಬರ ಕಣ್ಣು ನೆಲದ ಮೇಲೆ, ಒಬ್ಬರದು ಮುಂದೆ, ಒಬ್ಬರದು ಪಕ್ಕಕ್ಕೆ. ನಾಯಿಯನ್ನು ಕಟ್ಟಿಹಾಕಿ ಬನ್ನಿ. ಅದು ಆನೆಯನ್ನೋ ಕರಡಿಯನ್ನೋ ಕೆಣಕಿ, ಹೆದರಿ ನಿಮ್ಮ ಕಾಲಬುಡಕ್ಕೆ ಓಡಿಬರುತ್ತದೆ. ಹಿಂದೆಯೇ ಆ ಪ್ರಾಣಿಯೂ ಬರುತ್ತದೆ.

3. ಹೊತ್ತು ನೋಡಿ ಹೊರಡಿ

ಬೆಳಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ. ಅದಕ್ಕೂ ಮೊದಲು ಪ್ರಾಣಿಗಳು ಇನ್ನೂ ಹಿಂದಿರುಗುತ್ತಿರುತ್ತವೆ, ಎದುರುಬದುರಾಗುವ ಅಪಾಯವಿದೆ. ಹತ್ತೂವರೆಯ ಮೇಲೆ ಬಿಸಿಲು ನೆತ್ತಿಗೇರಿ ಹೆಜ್ಜೆಯ ಅಂಚು ಕಾಣಿಸುವುದಿಲ್ಲ. ಓರೆ ಬಿಸಿಲಲ್ಲಿ ಹೆಜ್ಜೆಯ ಗುಳಿಯೊಳಗೆ ನೆರಳು ನಿಲ್ಲುತ್ತದೆ. ಹೆಜ್ಜೆ ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ನಿಂತು ನೋಡಿ. ಮೊದಲು ಬರಿ ಮಣ್ಣಾಗಿ ಕಂಡದ್ದು ಗೊರಸಿನ ಆಕಾರ ತಾಳುತ್ತದೆ.

ನಡೆಯುವಾಗ ಮೆಲ್ಲಗೆ ಮಾತಾಡುತ್ತ ಹೋಗಿ. ಮನುಷ್ಯರು ಬರುತ್ತಿದ್ದಾರೆಂದು ಪ್ರಾಣಿಗೆ ಮೊದಲೇ ತಿಳಿದರೆ ಅದು ಸರಿದುಹೋಗುತ್ತದೆ. ಮಂಜು ಮುಸುಕಿದ ದಿನ ಸುತ್ತಾಟ ಬೇಡ.

4. ಮೊದಲ ದಿನ ಅಗಳದ ಸುತ್ತ ಮಾತ್ರ

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ನೇರ ಕಾನಿನೊಳಕ್ಕೆ ನುಗ್ಗುವುದು. ಬೇಡ. ಮೊದಲ ದಿನ ನಿಮ್ಮ ಜಮೀನಿನ ಗಡಿಯ ಅಗಳ (ಕಂದಕ), ಧರೆ, ಬೇಲಿಗಳ ಉದ್ದಕ್ಕೂ ಒಂದು ಸುತ್ತು ಹಾಕಿ. ಅಗಳದ ಅಂಚು ಕುಸಿದು ನುಣುಪಾದ ಜಾಗ, ಬೇಲಿಯ ಮುಳ್ಳುತಂತಿಗೆ ಸಿಕ್ಕಿಕೊಂಡ ಕೂದಲು, ಧರೆಯ ಮೇಲೆ ಗೊರಸು ಜಾರಿದ ಗೆರೆ, ದಣಪೆಯ (ಬೇಲಿ ದಾಟುವ ಗೇಟಿನ) ಪಕ್ಕದಲ್ಲೇ ಮುರಿದ ಗಿಡ: ಇಂಥ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದುಕೊಳ್ಳಿ. ಕೂದಲು ಸಿಕ್ಕರೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ಮೊಣಕಾಲೆತ್ತರದ ಒರಟು ಬಿರುಗೂದಲು ಹಂದಿಯದು. ಎದೆಯೆತ್ತರದಲ್ಲಿದ್ದರೆ ಕಡವೆಯನ್ನೋ ಕಾಟಿಯನ್ನೋ ಊಹಿಸಬೇಕು.

ಹತ್ತು ಕಡೆ ಗುರುತು ಸಿಕ್ಕರೂ ಪ್ರಾಣಿ ನುಗ್ಗುವ ನಿಜವಾದ ಬಾಗಿಲುಗಳು ಎರಡೋ ಮೂರೋ ಇರುತ್ತವೆ. ಉಳಿದವು ಒಮ್ಮೆ ಹೆದರಿ ಹಾರಿಹೋದ ಜಾಗಗಳು. ಇವುಗಳ ವ್ಯತ್ಯಾಸ ನೆಲವೇ ಹೇಳುತ್ತದೆ: ದಿನವೂ ತುಳಿಯುವ ಜಾಗದಲ್ಲಿ ಹುಲ್ಲಿನ ಬೇರು ಸವೆದು ಮಣ್ಣು ಗಟ್ಟಿಯಾಗಿರುತ್ತದೆ, ಹೆಜ್ಜೆಗಳು ಎರಡೂ ದಿಕ್ಕಿಗಿರುತ್ತವೆ.

5. ಗುರುತು ಓದುವುದು

ಇಲ್ಲಿ ಆತುರ ಬೇಡ. ಒಂದೇ ಗುರುತು ನೋಡಿ ಹೆಸರು ಹೇಳಬೇಡಿ. ಹೆಜ್ಜೆ, ಸಗಣಿ, ಮೇಯ್ದ ರೀತಿ, ಮೂರರಲ್ಲಿ ಎರಡಾದರೂ ಒಂದೇ ಮಾತು ಹೇಳಬೇಕು.

ಕಾಟಿ: ಬಲಿತ ಗಂಡು ಹೆಗಲಿಗೆ ಐದೂವರೆ ಅಡಿ ಮೀರುತ್ತದೆ, ಏಳೆಂಟು ಕ್ವಿಂಟಲ್‌ಗೂ ಹೆಚ್ಚು ತೂಗುತ್ತದೆ. ಹೆಜ್ಜೆ ಎರಡು ಗೊರಸಿನದು, ದನದ ಹೆಜ್ಜೆಯಂತೆಯೇ ಕಾಣುತ್ತದೆ. ಮಲೆನಾಡಿನಲ್ಲಿ ಅತಿ ಹೆಚ್ಚು ಮಂದಿ ಮೋಸಹೋಗುವುದು ಇಲ್ಲಿಯೇ. ಮನೆ ಎಮ್ಮೆಯ ಹೆಜ್ಜೆ ಗುಂಡಗೆ ಹರಡಿಕೊಂಡಿರುತ್ತದೆ, ಕಾಟಿಯದು ಮೈಗೆ ಹೋಲಿಸಿದರೆ ಚಿಕ್ಕದು, ಅಂಚು ಚೊಕ್ಕ. ಆದರೂ ಕೆಸರಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಅದಕ್ಕೇ ಯಾರ ದನ ಎಲ್ಲಿ ಮೇಯುತ್ತದೆ ಎಂದು ಬರೆದುಕೊಳ್ಳಲು ಹೇಳಿದ್ದು. ದನದ ಹೆಜ್ಜೆ ಸಂಜೆಗೆ ಕೊಟ್ಟಿಗೆಯ ದಾರಿ ಹಿಡಿಯುತ್ತದೆ. ಕಾಟಿಯ ಹೆಜ್ಜೆ ಬೆಳಗಿನ ಜಾವ ಗದ್ದೆಯಿಂದ ಬೆಟ್ಟದ ಕಡೆಗೆ ಹೋಗುತ್ತದೆ. ದನ ಹೋಗದ ಜಾಗದಲ್ಲಿ ಸಗಣಿ ಕಂಡರೆ, ಅದರ ಜೊತೆಗೆ ಮರದ ತೊಗಟೆ ಸುಲಿದಿದ್ದರೆ, ಅನುಮಾನ ಬೇಡ.

ಕಡವೆ: ಹೆಜ್ಜೆ ಕಾಟಿಯದಕ್ಕಿಂತ ಚಿಕ್ಕದು, ಮುಂದಿನ ತುದಿ ಚೂಪು. ಹಿಕ್ಕೆ ರಾಶಿಯಾಗಿ ಬಿದ್ದಿರುತ್ತದೆ. ಒಂದು ತುದಿ ಮೊನಚು, ಇನ್ನೊಂದು ತಟ್ಟೆ. ಗಂಡು ಕೊಂಬು ತಿಕ್ಕಿದ ಎಳೆಮರದಲ್ಲಿ ತೊಗಟೆ ಉದ್ದುದ್ದ ಸೀಳಿರುತ್ತದೆ. ಮುಳ್ಳುಹಂದಿಯ ಹಿಕ್ಕೆಯನ್ನು ಕಡವೆಯದೆಂದು ತಿಳಿಯುವವರಿದ್ದಾರೆ. ಅದರಲ್ಲಿ ನಾರು ಹೆಚ್ಚು, ಒಂದಕ್ಕೊಂದು ಅಂಟಿ ಸರದಂತಿರುತ್ತದೆ.

ಕಾಡುಹಂದಿ: ನೇಗಿಲು ಹೂಡಿದಂತೆ ಮೂತಿಯಿಂದ ಉತ್ತ ನೆಲ, ಹಳ್ಳದ ಪಕ್ಕದಲ್ಲಿ ಹೊರಳುಗುಂಡಿ (ಕೆಸರಲ್ಲಿ ಮೈ ಹೊರಳಿಸಿದ ಗುಳಿ), ಹತ್ತಿರದ ಮರದ ಬುಡಕ್ಕೆ ತಿಕ್ಕಿದ ಕೆಸರು. ಹೆಜ್ಜೆಯಲ್ಲಿ ಮುಖ್ಯ ಗೊರಸುಗಳ ಹಿಂದೆ ಎರಡು ಪುಟ್ಟ ಚುಕ್ಕಿಗಳು ಅಗಲವಾಗಿ ಮೂಡುತ್ತವೆ. ಕಡವೆಯೂ ಕೆಸರಲ್ಲಿ ಹೊರಳುತ್ತದೆ. ಆದ್ದರಿಂದ ಮರದ ಮೇಲೆ ಕೆಸರು ಎಷ್ಟು ಎತ್ತರಕ್ಕಿದೆ ಎಂಬುದನ್ನು ಅಳೆಯದೆ ಬಿಡಬೇಡಿ.

ಆನೆ: ಇದರ ಹೆಜ್ಜೆಯಲ್ಲಿ ತಪ್ಪುವ ಮಾತೇ ಇಲ್ಲ. ಮುಂಗಾಲಿನದು ಗುಂಡಗೆ, ಹಿಂಗಾಲಿನದು ತುಸು ಉದ್ದ, ಮುಂಭಾಗದಲ್ಲಿ ಉಗುರಿನ ಗುರುತು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಬಾಳೆನಾರಿನಿಂದ ಅಳೆದು ಎರಡರಿಂದ ಗುಣಿಸಿದರೆ ಆನೆಯ ಹೆಗಲೆತ್ತರ ಹೆಚ್ಚುಕಡಿಮೆ ಸಿಗುತ್ತದೆ. ನಾರು ನಾಲ್ಕು ಅಡಿಯಾದರೆ ಆನೆ ಎಂಟು ಅಡಿ. ಒಂದೇ ಅಳತೆಯ ಹೆಜ್ಜೆ ಮಾತ್ರ ಇದ್ದರೆ ಬಹುಶಃ ಒಂಟಿ ಸಲಗ. ಚಿಕ್ಕ ದೊಡ್ಡ ಹೆಜ್ಜೆಗಳು ಬೆರೆತಿದ್ದರೆ ಮರಿಗಳಿರುವ ಹಿಂಡು. ಎರಡೂ ಅಪಾಯವೇ.

ಹುಲಿ, ಚಿರತೆಯ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ನಾಯಿಯ ಹೆಜ್ಜೆಯಲ್ಲಿ ಮೂಡುತ್ತದೆ. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಗುರುತು ಯಾವಾಗಿನದು ಎಂಬುದು ಯಾವ ಪ್ರಾಣಿಯದು ಎಂಬಷ್ಟೇ ಮುಖ್ಯ. ಹುಲ್ಲಿನ ಮೇಲೆ ಇಬ್ಬನಿ ಅಳಿಸಿ ಕಪ್ಪು ಪಟ್ಟಿ ಕಂಡರೆ ಇಬ್ಬನಿ ಬಿದ್ದ ಮೇಲೆ ನಡೆದದ್ದು. ದಾರಿಗಡ್ಡ ಜೇಡರ ಬಲೆ ಹರಿಯದೆ ನಿಂತಿದ್ದರೆ ಆ ರಾತ್ರಿ ಯಾರೂ ಹಾದಿಲ್ಲ. ಹೆಜ್ಜೆಯೊಳಗೆ ಮಳೆಹನಿಯ ಚುಕ್ಕೆಗಳಿದ್ದರೆ ಮಳೆಗೆ ಮೊದಲಿನದು. ಹೆಜ್ಜೆಯೊಳಗಿನ ನೀರು ಇನ್ನೂ ಕದಡಿದ್ದರೆ ಪ್ರಾಣಿ ಈಗಷ್ಟೇ ದಾಟಿದೆ. ಆನೆಯ ಲದ್ದಿ ಹೊಳೆಯುತ್ತಿದ್ದರೆ, ಹಬೆಯಾಡುತ್ತಿದ್ದರೆ, ಮುಂದೆ ಒಂದು ಹೆಜ್ಜೆಯೂ ಇಡಬೇಡಿ. ಬಂದ ದಾರಿಯಲ್ಲೇ, ಓಡದೆ, ಹಿಂದಿರುಗಿ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಊರಿನವರಿಗೂ ಅರಣ್ಯ ಇಲಾಖೆಯವರಿಗೂ ಸುದ್ದಿ ಮುಟ್ಟಿಸಿ. ಇಲಾಖೆಯ ಸಹಾಯವಾಣಿ 1926.

6. ಎರಡನೆಯ ದಿನ: ಬಾಗಿಲಿನಿಂದ ಹಿಂದಕ್ಕೆ

ಮೊದಲ ದಿನ ಗುರುತಿಸಿದ ಬಾಗಿಲುಗಳಲ್ಲಿ ಹೆಚ್ಚು ಸವೆದದ್ದನ್ನು ಆರಿಸಿ, ಪ್ರಾಣಿ ಬಂದ ದಿಕ್ಕಿಗೆ ಹಿಮ್ಮುಖವಾಗಿ ನಡೆಯಿರಿ. ಹೆಜ್ಜೆಯ ಮೇಲೆ ಹೆಜ್ಜೆ ಇಡದೆ ಪಕ್ಕದಲ್ಲಿ ನಡೆಯಿರಿ. ನಾಳೆ ಮತ್ತೆ ನೋಡಬೇಕಾಗುತ್ತದೆ. ಜಾಡು ತಪ್ಪಿದರೆ ಅಡ್ಡಾದಿಡ್ಡಿ ಹುಡುಕಬೇಡಿ. ಕೊನೆಯ ಹೆಜ್ಜೆಯ ಬಳಿ ಒಬ್ಬರು ನಿಲ್ಲಲಿ, ಉಳಿದಿಬ್ಬರು ಅವರ ಸುತ್ತ ದೊಡ್ಡ ಅರ್ಧಚಂದ್ರ ಹಾಕಲಿ.

ಜಾಡು ಸಾಮಾನ್ಯವಾಗಿ ನಿಮ್ಮನ್ನು ಒಂದು ನೀರಿನ ಜಾಗಕ್ಕೆ ಒಯ್ಯುತ್ತದೆ. ಅದು ಹಳ್ಳದ ಮಡುವಾಗಿರಬಹುದು, ಜೌಗಾಗಿರಬಹುದು. ನಿಮ್ಮ ಕೆಲಸಕ್ಕೆ ಅಲ್ಲಿಯವರೆಗೆ ತಿಳಿದರೆ ಸಾಕು. ನೀರಿನಾಚೆ, ಪ್ರಾಣಿ ಹಗಲು ಮಲಗುವ ದಟ್ಟ ಜಾಗಕ್ಕೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿ ನೋಟ ಹತ್ತು ಮಾರಿಗಿಂತ ಮುಂದೆ ಹೋಗುವುದಿಲ್ಲ, ಎಬ್ಬಿಸಿದ ಕಾಟಿ ಯಾವ ಕಡೆಗೆ ನುಗ್ಗುತ್ತದೆಂದು ಯಾರೂ ಹೇಳಲಾರರು. ಇನ್ನೊಂದು ನಷ್ಟವೂ ಇದೆ. ಮಲಗುವ ಜಾಗ ಕೆಟ್ಟರೆ ಹಿಂಡು ಬೇರೆ ಕಡೆಗೆ ಸರಿಯುತ್ತದೆ, ನೀವು ಎರಡು ದಿನ ಬರೆದುಕೊಂಡದ್ದೆಲ್ಲ ವ್ಯರ್ಥ.

ದಾರಿಯಲ್ಲಿ ಉರುಳು ಕಂಡರೆ ಜಾಗದ ಫೋಟೋ ತೆಗೆದು ಗಾರ್ಡ್‌ಗೆ ತಿಳಿಸಿ. ಹಂದಿಗೆಂದು ಹಾಕಿದ ತಂತಿಗೆ ಚಿರತೆ, ದನ, ಕೆಲವೊಮ್ಮೆ ಮನುಷ್ಯರ ಕಾಲೂ ಸಿಕ್ಕುತ್ತದೆ.

7. ಮೂರು ರಾತ್ರಿ ಮರಳು ಪಟ್ಟಿ

ಇದು ನನಗೆ ಅತ್ಯಂತ ನಂಬಿಕೆಯ ಹಂತ. ಖರ್ಚಿಲ್ಲ, ರಾತ್ರಿ ನಿದ್ದೆಗೆಡಬೇಕಿಲ್ಲ. ನಿಮ್ಮ ಗಡಿಯೊಳಗೆ, ಪ್ರತಿ ಬಾಗಿಲಿಗೆ ಅಡ್ಡಲಾಗಿ ಒಂದು ಮಾರು ಅಗಲದ ಪಟ್ಟಿಯಲ್ಲಿ ಕಸ ಕಡ್ಡಿ ತೆಗೆದು, ಹೊಳೆ ಮರಳನ್ನೋ ಜರಡಿ ಹಿಡಿದ ಮಣ್ಣನ್ನೋ ಎರಡು ಬೆರಳು ದಪ್ಪಕ್ಕೆ ಹರಡಿ. ಸಂಜೆ ಐದಕ್ಕೆ ಹಿಡಿಸೂಡಿಯ ಬೆನ್ನಿನಿಂದ ನಯ ಮಾಡಿ ಮನೆಗೆ ಬನ್ನಿ. ಬೆಳಗ್ಗೆ ಏಳೂವರೆಗೆ ಹೋಗಿ ಓದಿ: ಯಾವ ಪ್ರಾಣಿ, ಎಷ್ಟು, ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು. ಬರೆದುಕೊಂಡು ಮತ್ತೆ ನಯ ಮಾಡಿ.

ಪಟ್ಟಿ ಕಿರಿದಾದರೆ ಪ್ರಾಣಿ ದಾಟಿ ಹೋಗುತ್ತದೆ. ಬೂದಿ ಮಾತ್ರ ಹಾಕಿದರೆ ಒಂದು ಹನಿ ಮಳೆಗೆ ಎಲ್ಲ ಅಂಟಿಕೊಳ್ಳುತ್ತದೆ. ಒಂದೇ ರಾತ್ರಿ ನೋಡಿ ತೀರ್ಮಾನಿಸುವುದು ಇನ್ನೂ ದೊಡ್ಡ ತಪ್ಪು. ಮೊದಲ ರಾತ್ರಿ ಹೊಸ ಮಣ್ಣಿನ ವಾಸನೆಗೆ ಹಿಂಜರಿದ ಕಡವೆ ಮೂರನೆಯ ರಾತ್ರಿ ಬರುತ್ತದೆ. ಮಳೆ ಸುರಿದ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

8. ಬರೆದದ್ದನ್ನು ನಕ್ಷೆಗೆ ಇಳಿಸಿ, ಆಮೇಲೆ ಬೇಲಿ

ಒಂದು ದೊಡ್ಡ ಹಾಳೆಯಲ್ಲಿ ಗದ್ದೆ, ಅಗಳ, ಹಳ್ಳ, ಕಂಡಿ, ಬಾಗಿಲುಗಳನ್ನು ಬರೆಯಿರಿ. ಪ್ರತಿ ಬಾಗಿಲಿಗೆ ಪ್ರಾಣಿಯ ಹೆಸರು, ಮೂರು ರಾತ್ರಿಗಳ ಎಣಿಕೆ. ಈಗ ಹಣ ಎಲ್ಲಿ ಹಾಕಬೇಕೆಂದು ತಾನಾಗಿ ಕಾಣುತ್ತದೆ. ಹಂದಿಯ ಬಾಗಿಲಿಗೆ ಬೇಲಿಯ ಕೆಳಭಾಗ ಗಟ್ಟಿಯಿರಬೇಕು. ಕಾಟಿಯ ಬಾಗಿಲಿಗೆ ಐದು ಅಡಿ ಮುಳ್ಳುತಂತಿ ಸಾಲದು, ಅದನ್ನು ಹಾರುವ ಶಕ್ತಿ ಅದಕ್ಕಿದೆ. ಕುಸಿದ ಅಗಳ ತೋಡಿಸಿ, ಒಳಬದಿಯ ಧರೆ ಎತ್ತರಿಸಿ, ಅದರ ಮೇಲೆ ಸೌರಬೇಲಿ ಎಳೆಯುವುದು ಮೇಲು. ಸೌರಬೇಲಿ ಬಿಟ್ಟುಬಿಟ್ಟು ಕ್ಷಣಮಾತ್ರ ಹೊಡೆಯುವ ಮಿಡಿತ ಕೊಡುತ್ತದೆ, ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಕೊಲೆಗೆ ಸಮಾನ. ಆನೆ ಸತ್ತರೂ ಅಪರಾಧ, ಬೆಳಗ್ಗೆ ಸೊಪ್ಪಿಗೆ ಹೊರಟ ಪಕ್ಕದ ಮನೆಯಾಕೆ ಸತ್ತರೂ ಅಪರಾಧ. ಈ ವಿಷಯದಲ್ಲಿ ನಾನು ಯಾರ ಕಷ್ಟವನ್ನೂ ಕಾರಣವೆಂದು ಒಪ್ಪುವುದಿಲ್ಲ.

ಹಿಂಡಿನ ಹಳೆಯ ದಾರಿಯನ್ನು ಪೂರ್ತಿ ಮುಚ್ಚಬೇಡಿ. ಗದ್ದೆಯನ್ನು ಬಳಸಿ ಹಳ್ಳಕ್ಕೆ ಇಳಿಯಲು ಒಂದು ಕಂಡಿ ಬಿಡಿ. ಇಲ್ಲವಾದರೆ ಆ ಹಿಂಡು ಪಕ್ಕದವರ ಗದ್ದೆಗೆ ನುಗ್ಗುತ್ತದೆ, ಜಗಳ ಊರಿಗೆ ಬರುತ್ತದೆ. ನಕ್ಷೆಯನ್ನು ನೆರೆಯವರ ಜೊತೆ ಕುಳಿತು ನೋಡಿದರೆ ಎರಡು ಬೇಲಿಗಳ ಕೆಲಸವನ್ನು ಒಂದೇ ಬೇಲಿ ಮಾಡುವುದೂ ಉಂಟು.

ಮಾಳ ಕಟ್ಟುವುದಾದರೆ ಬಾಗಿಲಿನ ಎದುರಿಗಲ್ಲ, ಪಕ್ಕಕ್ಕೆ. ಎದುರಿಗಿದ್ದರೆ ಬೆದರಿದ ಪ್ರಾಣಿ ಮಾಳದ ಕಡೆಗೇ ನುಗ್ಗಬಹುದು. ಪ್ರಾಣಿಗೆ ಹಿಂದಕ್ಕೆ ಓಡಲು ದಾರಿ ತೆರೆದಿರಲಿ. ಆನೆ ಓಡಾಡುವ ಸೀಮೆಯಲ್ಲಿ ನೆಲದ ಮೇಲಿನ ಮಾಳದಲ್ಲಿ ಮಲಗುವುದೇ ಬೇಡ.

ಸಂಕ್ರಾಂತಿಯ ಮೇಲೆ ಹೋಗುವವರಿಗೆ

ಬಾಳೆ, ಅಡಿಕೆ ಸಸಿಗಳಿಗಾಗಿ ಜನವರಿಯ ನಂತರ ಮತ್ತೊಮ್ಮೆ ಸುತ್ತುವವರಿದ್ದಾರೆ. ಆಗ ಉಂಬಳದ ಕಾಟ ಇರುವುದಿಲ್ಲ, ಉಣುಗಿನದಿರುತ್ತದೆ (ಉಣ್ಣೆಹುಳು). ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಈ ಉಣುಗು. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು (ಉಣುಗು ಹತ್ತದಂತೆ ತಡೆಯುವ ಎಣ್ಣೆ) ಕೈಕಾಲಿಗೆ ಹಚ್ಚಿಕೊಂಡು ಹೊರಡಿ, ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಹಿಂಬದಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸುತ್ತಾಟದ ನಂತರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲು ಹೇಳಿ.

ಬೇಲಿ ಹಾಕಿದ ಮೇಲೂ ಪುಸ್ತಕವನ್ನು ಎಸೆಯಬೇಡಿ. ಬೆಳೆ ಹಾಳಾದ ಬೆಳಗ್ಗೆ, ಗದ್ದೆಗೆ ಕಾಲಿಟ್ಟು ಹೆಜ್ಜೆ ಅಳಿಸುವ ಮೊದಲು, ಟೇಪನ್ನು ಪಕ್ಕಕ್ಕಿಟ್ಟು ಹೆಜ್ಜೆಯ ಫೋಟೋ ತೆಗೆಯಿರಿ; ಆಮೇಲೆ ತುಳಿದ ಗದ್ದೆಯದು, ಕೊನೆಗೆ ಅದು ನುಗ್ಗಿದ ಬಾಗಿಲಿನದು. ಪರಿಹಾರದ ಅರ್ಜಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಡುವಾಗ ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿಗಳ ಜೊತೆ ಈ ಫೋಟೋಗಳನ್ನೂ, ನೀವು ಬರೆದ ನಕ್ಷೆಯ ಒಂದು ಪ್ರತಿಯನ್ನೂ ಲಗತ್ತಿಸಿ. ಸ್ಥಳ ಪರಿಶೀಲನೆಗೆ ಬಂದವರನ್ನು ನೇರ ಆ ಬಾಗಿಲಿಗೇ ಕರೆದುಕೊಂಡು ಹೋಗಿ ತೋರಿಸಿ.